‘ಟ್ಯಾಂಕ್’ ಪದದ ಅರ್ಥಚರಿತ್ರೆ: ಚಿಕ್ಕಬಳ್ಳಾಪುರ ಸೀಮೆಯ ಕೆರೆಗಳ ಹಿನ್ನೆಲೆಯಲ್ಲಿ

ಚಿಕ್ಕಬಳ್ಳಾಪುರದ ಕಂದವಾರ, ಚಿಂತಾಮಣಿಯ ಕನ್ನಂಪಲ್ಲಿ, ಗೌರಿಬಿದನೂರು ತಾಲ್ಲೂಕಿನ ವಾಟದಹೊಸಹಳ್ಳಿ, ಶಿಡ್ಲಘಟ್ಟದ ಗೌಡನಕೆರೆ ಇವೆಲ್ಲ ಕನ್ನಡದ ಮಾತಿನಲ್ಲಿ ‘ಕೆರೆ’, ತೆಲುಗಿನ ಮಾತಿನಲ್ಲಿ ‘ಚೆರುವು’. ಇಂಗ್ಲಿಷ್ ಕಡತಗಳಲ್ಲಿ ಮಾತ್ರ ಇವು ‘ಟ್ಯಾಂಕ್’. ಆ ಪದ ಈ ಸೀಮೆಯ ಎರಡೂ ಆಡುಮಾತುಗಳಿಗೆ ಎರವಲಾಗಿ ಬಂದಿದೆ; ಆದರೆ ಕೆರೆ ಎಂಬ ಅರ್ಥವನ್ನು ಹೊತ್ತು ಬಂದಿಲ್ಲ. ಮಾಳಿಗೆಯ ಮೇಲಿನ ನೀರಿನ ತೊಟ್ಟಿ, ಊರಿನ ಓವರ್‌ಹೆಡ್ ಟ್ಯಾಂಕು, ಬೈಕಿನ ಪೆಟ್ರೋಲ್ ಟ್ಯಾಂಕು, ಇಷ್ಟಕ್ಕೇ ಅದರ ವ್ಯಾಪ್ತಿ.

ಈ ಅರ್ಥಸಂಕೋಚ ಕುತೂಹಲಕರ. ಏಕೆಂದರೆ ಇಂಗ್ಲಿಷಿಗೆ ಪದ ದೊರೆತದ್ದೇ ಭಾರತದಲ್ಲಿ, ಅದೂ ಜಲಾಶಯದ ಅರ್ಥದಲ್ಲಿ. ಗುಜರಾತಿಯ ‘ಟಾಂಕುಂ’, ಮರಾಠಿಯ ‘ಟಾಂಕೆಂ’ ನೀರಿನ ತೊಟ್ಟಿಯನ್ನು ಸೂಚಿಸುತ್ತವೆ. ಪೋರ್ಚುಗೀಸಿನ ‘ತಾಂಕೆ’ ಎಂದರೆ ಕೊಳ. ಅದರ ಹಿಂದೆ ಹರಿವನ್ನು ತಡೆ ಎಂಬ ಕ್ರಿಯಾಪದವಿದೆ. 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಈ ಎರಡೂ ಮೂಲಗಳನ್ನು ಚರ್ಚಿಸುತ್ತದೆ. ಪಶ್ಚಿಮ ಕರಾವಳಿಯಲ್ಲಿ ಸಮೀಪೋಚ್ಚಾರದ ಎರಡು ಪದಗಳು ಕೂಡಿಕೊಂಡಿರಬೇಕೆಂಬುದೇ ನನಗೆ ಯುಕ್ತವಾಗಿ ಕಾಣುತ್ತದೆ. ಒಂದನ್ನೇ ಆರಿಸುವ ಹಟ ಅನಗತ್ಯ. ಸಂಗ್ರಹಪಾತ್ರೆ ಎಂಬ ಅರ್ಥ ಇಂಗ್ಲಿಷಿನಲ್ಲಿ ಅನಂತರ ಬೆಳೆಯಿತು. 1916ರಲ್ಲಿ ರಣರಂಗಕ್ಕಿಳಿದ ಯುದ್ಧವಾಹನಕ್ಕೂ ಈ ಹೆಸರು ಬಂದದ್ದು, ತಯಾರಾಗುತ್ತಿರುವುದು ನೀರಿನ ತೊಟ್ಟಿಯೆಂದು ನಂಬಿಸಿ ಗುಟ್ಟು ಕಾಯಲು.

ಇತ್ತ ಹಳಗನ್ನಡದ ‘ಕೆಱೆ’, ತೆಲುಗಿನ ‘ಚೆಱುವು’, ಅಣೆ ಎಂಬ ಅರ್ಥವೂ ಇರುವ ತಮಿಳಿನ ‘ಚಿಱೈ’ ಜ್ಞಾತಿಪದಗಳು. ತಾಲವ್ಯ ಸ್ವರದ ಮುಂದೆ ಕಕಾರ ತೆಲುಗು, ತಮಿಳುಗಳಲ್ಲಿ ಚಕಾರವಾಯಿತು, ಕನ್ನಡದಲ್ಲಿ ಉಳಿಯಿತು. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ದ್ವಿಭಾಷಿಕರು ಒಂದೇ ಏರಿಯ ಮೇಲೆ ನಿಂತು ಈ ಧ್ವನಿಪಲ್ಲಟವನ್ನು ದಿನವೂ ಉಚ್ಚರಿಸುತ್ತಾರೆ. ಎರವಲಿಗೆ ಇಲ್ಲಿ ಬಾಗಿಲೇ ಮುಚ್ಚಿರಲಿಲ್ಲ: ಸರ್ಕಾರದ ನೇರ ಆಡಳಿತವನ್ನು ಸೂಚಿಸುವ, ಅರಬ್ಬಿ-ಪಾರಸಿ ಮೂಲದ ‘ಅಮಾನಿ’ ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳ ‘ಅಮಾನಿಕೆರೆ’ಯಲ್ಲಿ ನೆಲೆಯೂರಿದೆ. ಆದರೆ ಅದು ವಿಶೇಷಣವಾಗಿ ಸೇರಿತೇ ಹೊರತು ‘ಕೆರೆ’ಯ ಸ್ಥಾನಕ್ಕೆ ಬರಲಿಲ್ಲ. ‘ಟ್ಯಾಂಕ್’ಗೂ ಆ ಸ್ಥಾನ ತೆರವಿರಲಿಲ್ಲ, ತಗಡು, ಸಿಮೆಂಟಿನ ಹೊಸ ವಸ್ತುವಿನೊಡನೆ ಬಂದು ಅದರ ಹೆಸರಾಗಿ ಉಳಿಯಿತು.

ಅನುವಾದದಲ್ಲಿ ಈ ವ್ಯತ್ಯಾಸ ಕ್ಷುಲ್ಲಕವಲ್ಲ. ತೂಬು, ಕೋಡಿ, ಏರಿ, ಅಚ್ಚುಕಟ್ಟು ಇರುವ ಮಾನವನಿರ್ಮಿತ ವ್ಯವಸ್ಥೆಯನ್ನು ಇಂಗ್ಲಿಷಿನ ‘ಲೇಕ್’ ನಿಸರ್ಗದ ಸರೋವರವನ್ನಾಗಿಸುತ್ತದೆ. ಕರ್ನಾಟಕದ 2014ರ ಕೆರೆ ಸಂರಕ್ಷಣಾ ಪ್ರಾಧಿಕಾರದ ಕಾಯ್ದೆಯ ಇಂಗ್ಲಿಷ್ ಶೀರ್ಷಿಕೆಯಲ್ಲಿ ಮೊದಲಿದ್ದದ್ದು ‘ಲೇಕ್’; ತಿದ್ದುಪಡಿಯ ಬಳಿಕ ‘ಟ್ಯಾಂಕ್’ ಬಂದಿತು. ಕನ್ನಡದಲ್ಲಿ ಎರಡಕ್ಕೂ ‘ಕೆರೆ’ಯೇ.

ಈಗ ಕೆರೆಯೇ ಬದಲಾಗುತ್ತಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಈ ಜಿಲ್ಲೆಯ ಕೆರೆಗಳನ್ನು ತುಂಬುತ್ತಿರುವುದು ಅಂತರ್ಜಲ ಮರುಪೂರಣಕ್ಕೆ, ತೂಬಿನಿಂದ ಗದ್ದೆಗೆ ಹರಿಸುವುದಕ್ಕಲ್ಲ. ಕೊಳವೆಯಿಂದ ತುಂಬಿಸಿಕೊಂಡು ತೂಬು ಮುಚ್ಚಿ ನಿಂತ ಕೆರೆ, ಆಡುಮಾತಿನ ‘ಟ್ಯಾಂಕು’ ಪದ ಹಿಡಿದುಕೊಂಡ ಅರ್ಥದ ಕಡೆಗೇ ಸರಿಯುತ್ತಿದೆ. ಜನರು ಮಾತ್ರ ಅದನ್ನು ಇನ್ನೂ ಹಾಗೆ ಕರೆದಿಲ್ಲ.