ಮನ್ಮಥನ ಆರನೆಯ ಬಾಣ

ಕಳೆದ ಫೆಬ್ರವರಿಯಲ್ಲಿ ನಮ್ಮ ಮನೆಗೆ ಬಂದ ನನ್ನ ತಂಗಿಯ ಮಗಳು ಚೀಲದಿಂದ ಒಂದು ಕಪ್ಪು ಚಾಕೊಲೇಟಿನ ಪೊಟ್ಟಣವನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ನೂರಕ್ಕೆ 70 ಪಾಲು ಕೋಕೋ ಇದೆಯೆಂದು ಮೇಲೆ ಅಚ್ಚಾಗಿತ್ತು. “ಮಾವ, ಇದನ್ನು ತಿಂದರೆ ಮನಸ್ಸು ಹಗುರಾಗುತ್ತದಂತೆ. ಪ್ರೀತಿಯೂ ಹುಟ್ಟುತ್ತದಂತೆ. ವಿಜ್ಞಾನಿಗಳೇ ಹೇಳಿದ್ದಾರಂತೆ” ಎಂದಳು. ಒಂದೇ ಉಸಿರಿನಲ್ಲಿ ಮೂರು ‘ಅಂತೆ’ಗಳು! ಚರಿತ್ರೆಯ ಪುಸ್ತಕಗಳನ್ನು ಓದುವ ಚಟವಿರುವವನ ಕಿವಿಗೆ ‘ಅಂತೆ’ ಎಂಬ ಮಾತು ಬಿದ್ದರೆ ಅದು ಎಲ್ಲಿಂದ ಹೊರಟಿತೆಂದು ಹುಡುಕದೆ ಸಮಾಧಾನವಿಲ್ಲ.

ನಮ್ಮ ಮನ್ಮಥನಿಗೆ ಇರುವ ಬಾಣಗಳು ಐದೇ: ತಾವರೆ, ಅಶೋಕ, ಮಾವಿನ ಹೂವು, ಮಲ್ಲಿಗೆ, ಕನ್ನೈದಿಲೆ. ಕೋಕೋ ಅವನ ಬತ್ತಳಿಕೆಗೆ ಸೇರದಿರುವುದು ಸಹಜವೇ. ಅದು ಅಮೆರಿಕ ಖಂಡದ ಮರ. ಇಂದು ಪುತ್ತೂರಿನ ಸುತ್ತ ಅಡಿಕೆ ಮರಗಳ ನೆರಳಿನಲ್ಲಿ ಅದು ಕಾಯಿ ಬಿಡುತ್ತಿದೆ. 1986ರಲ್ಲಿ ಆ ಊರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯ ಚಾಕೊಲೇಟು ಕಾರ್ಖಾನೆಯೂ ಆರಂಭವಾಯಿತು. ಆದರೆ ಅದರ ಪ್ರಣಯದ ಕಥೆ ಆರಂಭವಾಗುವುದು ಮೆಕ್ಸಿಕೋ ದೇಶದಲ್ಲಿ.

1519ರ ನವೆಂಬರಿನಲ್ಲಿ ಸ್ಪೇನಿನ ಕೋರ್ಟೆಸನು ಅಸ್ಟೆಕರ ರಾಜಧಾನಿಯನ್ನು ಹೊಕ್ಕಾಗ ಅವನ ದಂಡಿನಲ್ಲಿ ಬೆರ್ನಾಲ್ ದಿಯಾಸ್ ಎಂಬ ಸಿಪಾಯಿ ಇದ್ದನು. ಈತ ಮುದುಕನಾದ ಮೇಲೆ ಕುಳಿತು ತಾನು ಕಂಡದ್ದನ್ನೆಲ್ಲ ಬರೆದಿಟ್ಟನು. ಅದು ಅಚ್ಚಾದದ್ದು ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ, 1632ರಲ್ಲಿ. ಚಕ್ರವರ್ತಿ ಮೊಕ್ತೆಸುಮನ ಊಟದ ವೈಭವವನ್ನು ವರ್ಣಿಸುತ್ತ, ಚಿನ್ನದ ಬಟ್ಟಲುಗಳಲ್ಲಿ ಕೋಕೋ ಪಾನೀಯವನ್ನು ತಂದುಕೊಡುತ್ತಿದ್ದರೆಂದೂ, ಸ್ತ್ರೀಸಂಗಕ್ಕೆ ಅದು ಒಳ್ಳೆಯದೆಂದು ಅಲ್ಲಿಯವರು ಹೇಳುತ್ತಿದ್ದರೆಂದೂ ತಿಳಿಸುತ್ತಾನೆ. ‘ಹೇಳುತ್ತಿದ್ದರು’ ಎಂಬುದನ್ನು ಓದುಗರು ಗಮನಿಸಬೇಕು. ಸಿಪಾಯಿ ಪ್ರಾಮಾಣಿಕ, ತನಗೆ ಗೊತ್ತಿಲ್ಲದ್ದಕ್ಕೆ ‘ಅಂತೆ’ ಸೇರಿಸಿದ್ದಾನೆ. ನೊರೆ ತುಂಬಿದ 50ಕ್ಕೂ ಹೆಚ್ಚು ದೊಡ್ಡ ಹೂಜಿಗಳು ಅರಮನೆಯ ಊಟಕ್ಕೆ ಬಂದುದನ್ನು ಅವನು ಕಂಡಿದ್ದನು. ಅವನ ನಂತರ ಬಂದವರು ಆ ‘ಅಂತೆ’ಯನ್ನು ಕಿತ್ತುಹಾಕಿದರು, ಹೂಜಿಗಳನ್ನು ಬಟ್ಟಲುಗಳಾಗಿ ಮಾಡಿ, ಅಂತಃಪುರಕ್ಕೆ ಹೋಗುವ ಮುನ್ನ ಅರಸನೊಬ್ಬನೇ ದಿನಕ್ಕೆ 50 ಬಟ್ಟಲು ಕುಡಿಯುತ್ತಿದ್ದನೆಂದು ಬರೆದರು. ಅಷ್ಟು ಕುಡಿದವನಿಗೆ ಪ್ರಣಯಕ್ಕೆ ಬಿಡುವೆಲ್ಲಿಂದ ಬರಬೇಕು?

ಆ ಪಾನೀಯವಾದರೂ ಎಂಥದು? ಅರೆದ ಕೋಕೋ ಬೀಜವನ್ನು ನೀರಿನಲ್ಲಿ ಕಲಸಿ, ಮೆಣಸಿನಕಾಯಿಯನ್ನೋ ಸುವಾಸನೆಯ ಹೂವನ್ನೋ ಸೇರಿಸಿ, ನಾವು ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವಂತೆ ಪಾತ್ರೆಯಿಂದ ಪಾತ್ರೆಗೆ ಸುರಿದು ನೊರೆ ಬರಿಸುತ್ತಿದ್ದರು. ಬೀಜವೇ ಅವರಿಗೆ ಚಿಲ್ಲರೆ ನಾಣ್ಯವೂ ಆಗಿತ್ತು. ಹಣವನ್ನೇ ಅರೆದು ಕುಡಿಯುವವನಿಗೆ ಸಂತೋಷವಾಗದಿದ್ದೀತೆ! ಅದಕ್ಕೆ ಸಕ್ಕರೆ, ದಾಲ್ಚಿನ್ನಿ ಬೆರೆಸಿ ಬಿಸಿಯಾಗಿ ಕುಡಿಯುವ ರೂಢಿ ಬೆಳೆದದ್ದು ಸ್ಪೇನಿನವರು ಅಲ್ಲಿ ನೆಲೆಯೂರಿದ ಮೇಲೆ. ಮನ್ಮಥನ ಬಿಲ್ಲು ಕಬ್ಬಿನದು. ಚಾಕೊಲೇಟು ಅವನ ಕೈಗೆ ಸೇರಿದ್ದು ಆಗಲೇ ಎನ್ನಬಹುದು.

ಸಿಹಿಯಾದ ಕೂಡಲೆ ಜಗಳವೂ ಹುಟ್ಟಿತು. ಇದನ್ನು ಕುಡಿದರೆ ಉಪವಾಸ ಕೆಡುತ್ತದೆಯೇ ಇಲ್ಲವೇ ಎಂದು ಪಾದ್ರಿಗಳು ದಶಕಗಟ್ಟಲೆ ವಾದಿಸಿದರು. 1636ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಈ ಒಂದು ಪ್ರಶ್ನೆಯ ಮೇಲೆಯೇ ಗ್ರಂಥವೊಂದು ಹೊರಬಂದಿತು. ಏಕಾದಶಿಯ ದಿನ ಕಾಫಿಗೆ ದೋಷವಿಲ್ಲವೆಂದು ತೀರ್ಮಾನಿಸಿಕೊಂಡಿರುವ ನಾವು ಅವರನ್ನು ನೋಡಿ ನಗುವಂತಿಲ್ಲ. ಮೆಕ್ಸಿಕೋದ ದಕ್ಷಿಣಕ್ಕಿರುವ ಚಿಯಾಪ ಎಂಬ ಊರಿನಲ್ಲಂತೂ ಜಗಳ ವಿಕೋಪಕ್ಕೆ ಹೋಯಿತು. ಅಲ್ಲಿದ್ದ ಥಾಮಸ್ ಗೇಜ್ ಎಂಬ ಇಂಗ್ಲಿಷ್ ಸನ್ಯಾಸಿ 1648ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಕಥನದಲ್ಲಿ ಇದನ್ನು ಹೇಳುತ್ತಾನೆ. ಆ ಊರಿನ ಸ್ಪ್ಯಾನಿಷ್ ಗೃಹಿಣಿಯರು ತಮ್ಮ ಹೊಟ್ಟೆ ದುರ್ಬಲವೆಂದೂ, ನಡುವೆ ಬಿಸಿ ಚಾಕೊಲೇಟು ಕುಡಿಯದೆ ಪೂಜೆ ಮುಗಿಯುವವರೆಗೆ ಕೂರಲಾರೆವೆಂದೂ ಹೇಳಿ, ದಾಸಿಯರ ಕೈಲಿ ಇಗರ್ಜಿಯೊಳಕ್ಕೇ ಬಟ್ಟಲುಗಳನ್ನು ತರಿಸಿಕೊಳ್ಳುತ್ತಿದ್ದರು. ಬಿಷಪ್ಪನು ಮೊದಲು ಬುದ್ಧಿ ಹೇಳಿದನು, ಕೇಳಲಿಲ್ಲ. ದೇವರ ಮನೆಯಲ್ಲಿ ತಿಂದು ಕುಡಿಯುವವರಿಗೆ ಬಹಿಷ್ಕಾರವೆಂದು ಬಾಗಿಲಿಗೆ ಬರೆದು ಅಂಟಿಸಿದನು. ಹೆಂಗಸರು ಅಲ್ಲಿಗೆ ಹೋಗುವುದನ್ನೇ ಬಿಟ್ಟು ಮಠಗಳ ಇಗರ್ಜಿಗಳಿಗೆ ಹೊರಟುಬಿಟ್ಟರು. ಒಂದು ದಿನ ಬಟ್ಟಲನ್ನು ಕಸಿದುಕೊಳ್ಳಲು ಹೋದ ಪಾದ್ರಿಗಳ ಮೇಲೆ ಕತ್ತಿಗಳೇ ಹೊರಬಂದವು. ಕೊನೆಗೆ ಬಿಷಪ್ಪನು ಕಾಯಿಲೆ ಬಿದ್ದು ಸತ್ತನು. ಅವನ ಚಾಕೊಲೇಟಿನಲ್ಲೇ ಯಾರೋ ಮಹಿಳೆ ವಿಷ ಬೆರೆಸಿದಳೆಂದು ಊರೆಲ್ಲ ಆಡಿಕೊಂಡಿತು.

ಗೇಜನು ಮುಂದೆ ಮತ ಬದಲಿಸಿ ಪ್ರಾಟೆಸ್ಟಂಟನಾದವನು. ಹಳೆಯ ಮತದವರ ಮೇಲೆ ಅವನಿಗೆ ಹಗೆಯಿತ್ತು. ಆದ್ದರಿಂದ ಅವನ ಮಾತನ್ನು ಸ್ವಲ್ಪ ಸೋಸಿಯೇ ತೆಗೆದುಕೊಳ್ಳಬೇಕು. ಆದರೆ ಅವನು ಹೇಳುವ ಇನ್ನೊಂದು ಸಂಗತಿಯಲ್ಲಿ ಅವನಿಗೇ ಮುಜುಗರವಿರುವುದರಿಂದ ನನಗೆ ನಂಬಿಕೆ ಹೆಚ್ಚು. ಅದೇ ಊರಿನ ಮಹಿಳೆಯೊಬ್ಬಳು ಈ ತರುಣ ಸನ್ಯಾಸಿಗೆ ಚಾಕೊಲೇಟನ್ನೂ ಸಿಹಿತಿಂಡಿಗಳನ್ನೂ ಮತ್ತೆ ಮತ್ತೆ ಕಳುಹಿಸುತ್ತಿದ್ದಳು. ಬಡ ಪಾಠಕನ ಮೇಲಿನ ಗೌರವವೆಂದು ತಿಳಿದು ಅವನು ತಿನ್ನುತ್ತಿದ್ದನು. ಒಂದು ದಿನ ಹೂವಿನ ನಡುವೆ ಇಟ್ಟ ದೊಡ್ಡ ಬಾಳೆಕಾಯಿ ಬಂದಿತು. ಅದರ ಮೇಲೆ ಚಾಕುವಿನಿಂದ ಕೆತ್ತಿದ ಹೃದಯ, ಅದಕ್ಕೆ ನಾಟಿದ ಎರಡು ಬಾಣ! ಅವನು ಪ್ರಾಸ ಕಟ್ಟಿ ಒಂದು ನಿರಾಕರಣೆಯನ್ನು ಬರೆದು ಹಿಂದಕ್ಕೆ ಕಳುಹಿಸಿದನು. ಅಷ್ಟು ದಿನ ತಿಂದ ಚಾಕೊಲೇಟು ಅವನಲ್ಲಿ ಯಾವ ವಿಕಾರವನ್ನೂ ಹುಟ್ಟಿಸಿರಲಿಲ್ಲ. ಪ್ರೀತಿ ಇದ್ದದ್ದು ಕೊಟ್ಟವಳಲ್ಲಿ.

ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಾಕ್ಷಿ ಪ್ರೇಮಿಯೂ ಅಲ್ಲ, ವೈದ್ಯನೂ ಅಲ್ಲ, ಒಬ್ಬ ತಾಯಿ. ಫ್ರಾನ್ಸಿನ ಮದಾಮ್ ದ ಸೆವಿನ್ಯೆಯ ಕಾಗದಗಳು ಆ ದೇಶದ ಸಾಹಿತ್ಯದಲ್ಲಿ ಹೆಸರಾದವು. 1671ರ ಫೆಬ್ರವರಿಯಲ್ಲಿ ಆಕೆಯ ಮಗಳು ಗಂಡನನ್ನು ಸೇರಲು ದೂರದ ಪ್ರೊವಾನ್ಸ್ ಪ್ರಾಂತಕ್ಕೆ ಹೊರಟುಹೋದಳು. ಮಗಳನ್ನು ಗಂಡನ ಮನೆಗೆ ಕಳುಹಿಸಿದ ತಾಯಿಯ ಸಂಕಟವನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಅಗಲಿದ ಕೆಲವೇ ದಿನಗಳಲ್ಲಿ ಆಕೆಗೆ ಒಂದೇ ಯೋಚನೆ: ನಿನಗೆ ಮೈಯಲ್ಲಿ ಸ್ವಸ್ಥವಿಲ್ಲ, ಚಾಕೊಲೇಟು ಕುಡಿದರೆ ಸರಿಹೋಗುತ್ತಿತ್ತು, ಆದರೆ ಅದನ್ನು ಕಾಯಿಸುವ ಪಾತ್ರೆಯೇ ನಿನ್ನ ಬಳಿ ಇಲ್ಲವಲ್ಲ, ಏನು ಮಾಡುತ್ತೀಯೆ? ಎರಡು ತಿಂಗಳಲ್ಲಿ ಅರಮನೆಯ ಫ್ಯಾಷನ್ನು ತಿರುಗಿತು. ಹೊಗಳುತ್ತಿದ್ದವರೇ ತೆಗಳತೊಡಗಿದರು. ಏಪ್ರಿಲಿನ ಕಾಗದದಲ್ಲಿ ಅದೇ ಚಾಕೊಲೇಟು ಎದೆಬಡಿತಕ್ಕೆ, ಜ್ವರಕ್ಕೆ, ಸಾವಿಗೆ ಕೂಡ ಕಾರಣ! ಅಷ್ಟರಲ್ಲಿ ಮಗಳು ಬಸುರಿ. ಅಕ್ಟೋಬರ್ 25ರ ಕಾಗದದಲ್ಲಿ ತಾಯಿ, ನಿನ್ನ ರಕ್ತ ಕಾಯ್ದೀತೆಂಬ ಭಯವಿಲ್ಲವೇ ಎಂದು ಕೇಳಿ, ಒಂದು ಭಯಂಕರ ಸುದ್ದಿಯನ್ನು ತಿಳಿಸುತ್ತಾಳೆ: ಕೊಯೆತ್ಲೊಗಾನಿನ ಮಾರ್ಕ್ವಿಸಳು ಬಸುರಿಯಾಗಿದ್ದಾಗ ಚಾಕೊಲೇಟನ್ನು ಮಿತಿಮೀರಿ ಕುಡಿದದ್ದರಿಂದ ಕಪ್ಪು ಬಣ್ಣದ ಮಗುವನ್ನು ಹೆತ್ತಳು, ಮಗು ಸತ್ತುಹೋಯಿತು.

ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಇದು ಅದರದೇ ತಲೆಕೆಳಗಾದ ರೂಪ. ಈ ಕಾಗದವನ್ನು ಓದಿದವರು ಏನೇನೋ ಊಹಿಸಿ ನಗುವುದುಂಟು. ನನಗೆ ನಗು ಬಾರದು. ಸತ್ತದ್ದು ಒಂದು ಕೂಸು. ಕಾಗದವನ್ನು ಓದಬೇಕಾಗಿದ್ದವಳು ತುಂಬು ಗರ್ಭಿಣಿ. ಬರೆದ ತಾಯಿಗೂ ಮನಸ್ಸು ಕಲಕಿರಬೇಕು. ಮೂರೇ ದಿನಗಳ ಮೇಲೆ, ಚಾಕೊಲೇಟಿನೊಡನೆ ತನಗೆ ರಾಜಿಯಾಯಿತೆಂದು ಮತ್ತೊಂದು ಕಾಗದ ಬರೆದಳು. ಮೊನ್ನೆ ಉಂಡದ್ದು ಅರಗಲೆಂದು ಕುಡಿದಳಂತೆ, ಅರಗಿತು. ನಿನ್ನೆ ಸಂಜೆಯವರೆಗೆ ಉಪವಾಸವಿರುವ ಶಕ್ತಿ ಬರಲೆಂದು ಕುಡಿದಳಂತೆ, ಬಂದಿತು. ಕುಡಿಯುವವರ ಉದ್ದೇಶವೇನೋ ಅದರಂತೆ ನಡೆದುಕೊಳ್ಳುವುದೇ ಇದರ ಸೊಗಸು ಎಂದು ಆಕೆ ಹಾಸ್ಯ ಮಾಡುತ್ತಾಳೆ. ನವೆಂಬರ್ 17ರಂದು ಮಗಳು ಗಂಡುಮಗುವನ್ನು ಹೆತ್ತಳು.

ಆ ತಾಯಿ ಹಾಸ್ಯಕ್ಕೆ ಹೇಳಿದ್ದನ್ನು ಮುಂದೆ ವ್ಯಾಪಾರಿಗಳು ಗಂಭೀರವಾಗಿಯೇ ಬಳಸಿಕೊಂಡರು. ಇಂಗ್ಲೆಂಡಿನಲ್ಲಿ ಮದ್ಯಕ್ಕೆ ಬದಲಾಗಿ ಕೋಕೋ ಕುಡಿಯಿರೆಂದು ಬೋಧಿಸಿದ ಕ್ವೇಕರ್ ಮತದ ಕ್ಯಾಡ್ಬರಿ ಮನೆತನವೇ 1860ರ ದಶಕದಲ್ಲಿ ಹೃದಯಾಕಾರದ ಪೆಟ್ಟಿಗೆಯನ್ನು ಪೇಟೆಗೆ ತಂದಿತು. ಆ ಪೆಟ್ಟಿಗೆಗಳ ಬೆಡಗಿನ ಹಿಂದೆ ತೋಟದ ಕೂಲಿಯವರ ಕಥೆಯೂ ಉಂಟು. ಸಾವೊ ತೋಮೆ ದ್ವೀಪದ ಕೋಕೋ ತೋಟಗಳಲ್ಲಿ ಜೀತದಾಳುಗಳು ದುಡಿಯುತ್ತಿದ್ದ ಸಂಗತಿ ಬಯಲಾಗಿ, ಅದೇ ಮನೆತನ 1909ರಲ್ಲಿ ಅಲ್ಲಿಯ ಬೀಜವನ್ನು ಕೊಳ್ಳುವುದನ್ನು ನಿಲ್ಲಿಸಬೇಕಾಯಿತು.

ಇನ್ನು ನನ್ನ ಸೊಸೆಯ ‘ವಿಜ್ಞಾನಿಗಳು’. 1980ರ ದಶಕದಲ್ಲಿ ಪ್ರೇಮದ ಅಮಲಿಗೆ ಮಿದುಳಿನ ಫಿನೈಲೀಥೈಲಮೀನ್ ಕಾರಣವೆಂಬ ಊಹೆ ಹೊರಟಿತು. ಅದು ಚಾಕೊಲೇಟಿನಲ್ಲೂ ಇದೆಯೆಂದು ಪತ್ರಿಕೆಗಳು ಕುಣಿದಾಡಿದವು. ಇರುವುದು ನಿಜ, ತಿಂದದ್ದರಲ್ಲಿ ಬಹುಪಾಲು ಮಿದುಳನ್ನು ಮುಟ್ಟುವ ಮೊದಲೇ ದೇಹದಲ್ಲಿ ಒಡೆದುಹೋಗುವುದೂ ನಿಜ. 1992ರಲ್ಲಿ ಮಿದುಳಿನ ಇನ್ನೊಂದು ವಸ್ತುವನ್ನು ಕಂಡುಹಿಡಿದವರು ನಮ್ಮ ಸಂಸ್ಕೃತದ ‘ಆನಂದ’ವನ್ನೇ ಎರವಲು ಪಡೆದು ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ನಾಲ್ಕು ವರ್ಷಗಳ ಮೇಲೆ ಅದೂ ಚಾಕೊಲೇಟಿನಲ್ಲಿ ಸಿಕ್ಕಿತು, ಲೆಕ್ಕಕ್ಕೆ ಬಾರದಷ್ಟು. 2006ರಲ್ಲಿ ಇಟಲಿಯ ವೈದ್ಯರು 163 ಮಂದಿ ಹೆಂಗಸರನ್ನು ವಿಚಾರಿಸಿದಾಗ ಚಾಕೊಲೇಟು ತಿನ್ನುವವರಲ್ಲಿ ಕಾಮಾಸಕ್ತಿ ಹೆಚ್ಚೆಂದು ಕಂಡಿತು. ವಯಸ್ಸನ್ನು ಲೆಕ್ಕಕ್ಕೆ ತಂದುಕೊಂಡೊಡನೆ ವ್ಯತ್ಯಾಸ ಮಾಯವಾಯಿತು. ತಿನ್ನುವವರು ಚಿಕ್ಕ ವಯಸ್ಸಿನವರಾಗಿದ್ದರು, ಅಷ್ಟೆ.

ನನಗೆ ಹಿಡಿಸಿದ್ದು 1994ರಲ್ಲಿ ಪ್ರಕಟವಾದ, ಅಮೆರಿಕದ ಮಿಶೆನರ್ ಮತ್ತು ರೋಜಿನ್ ಎಂಬವರ ಪ್ರಯೋಗ. ಚಾಕೊಲೇಟಿನ ಆಸೆ ಹತ್ತಿದವರಿಗೆ ಕೋಕೋವನ್ನು ಮಾತ್ರೆಯಲ್ಲಿ ತುಂಬಿ ನುಂಗಿಸಿದರು. ಔಷಧದ ಅಂಶವೆಲ್ಲ ಹೊಟ್ಟೆಗೆ ಹೋದರೂ ಆಸೆ ತೀರಲಿಲ್ಲ. ಕೋಕೋ ಪುಡಿಯೇ ಇಲ್ಲದ ಬಿಳಿಯ ಚಾಕೊಲೇಟು ಕೊಟ್ಟಾಗ ಸ್ವಲ್ಪಮಟ್ಟಿಗೆ ತೀರಿತು. ಪೂರ್ತಿ ತೀರಿದ್ದು ನಿಜವಾದ ಚಾಕೊಲೇಟನ್ನು ಬಾಯಲ್ಲಿಟ್ಟು ಕರಗಿಸಿದಾಗಲೇ.

ಇಷ್ಟನ್ನೆಲ್ಲ ಹುಡುಗಿಗೆ ವಿವರಿಸಿದೆ. ತಾಳ್ಮೆಯಿಂದ ಕೇಳಿ, “ಹಾಗಾದರೆ ತಿನ್ನಬಾರದೆ, ಮಾವ?” ಎಂದಳು. ನನ್ನಾಕೆ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿ, “ಸೀದ ಕಷಾಯದ ಹಾಗಿದೆ” ಎಂದು ಒಳಕ್ಕೆ ಹೋದಳು. ಸಂಜೆ ನೋಡುತ್ತೇನೆ, ಪೊಟ್ಟಣದಲ್ಲಿ ಮತ್ತೆರಡು ಚೂರು ಕಡಿಮೆಯಾಗಿವೆ. ಕೇಳಿದ್ದಕ್ಕೆ ಆಕೆ ತಲೆಯೆತ್ತದೆ ಹೇಳಿದಳು:

“ಬಿ.ಪಿ.ಗೆ ಒಳ್ಳೆಯದಂತೆ.”