ಜಿಲ್ಲೆ ಮೈಸೂರು, ಎಂಪಿ ಚಾಮರಾಜನಗರದವ್ರು

ನಮ್ಮ ಮನೇಲಿ ರೇಷನ್ ಕಾರ್ಡು, ಪಹಣಿ, ಆಧಾರ್ ಯಾವ್ದು ತೆಗೆದು ನೋಡಿದ್ರೂ ಮೈಸೂರು ಜಿಲ್ಲೆ ಅಂತಲೇ ಇರ್ತದೆ. ಲೋಕಸಭೆ ಓಟು ಬಂದಾಗ ಮಾತ್ರ ನಾವು ಚಾಮರಾಜನಗರದವ್ರು. ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿಗೆ ಹರಕೆ ಹೊತ್ತು ಬರೋ ಪರಸ್ಥಳದೋರಿಗೆ ಇದನ್ನ ಹೇಳಿದ್ರೆ "ಅದೆಂಗೆ?" ಅಂತಾರೆ.

ಹೆಂಗೆ ಅಂದ್ರೆ, ಜಿಲ್ಲೆ ಹುಟ್ಟಿದ್ದು 1997ರಲ್ಲಿ, ಕ್ಷೇತ್ರ ಹುಟ್ಟಿದ್ದು 1962ರಲ್ಲಿ. ಅಪ್ಪನಿಗಿಂತ ಮಗನೇ ಮೂವತ್ತೈದು ವರ್ಷ ದೊಡ್ಡವನು! ಆವಾಗ ಚಾಮರಾಜನಗರವೂ ಮೈಸೂರು ಜಿಲ್ಲೇಲೇ ಒಂದು ತಾಲ್ಲೂಕು. ಜಿಲ್ಲೆ ಒಡೆದಾಗ ನಂಜನಗೂಡು, ತಿ. ನರಸೀಪುರ ಮೈಸೂರಲ್ಲೇ ಉಳಕೊಂಡ್ವು, ಪಾರ್ಲಿಮೆಂಟಿಗೆ ಮಾತ್ರ ಆ ಕಡೆಗೇ ಇದ್ವು. ಈಗ ಎಂಟು ಅಸೆಂಬ್ಲಿ ಕ್ಷೇತ್ರ ಸೇರಿ ಒಂದು ಎಂಪಿ. ಮೈಸೂರು ಜಿಲ್ಲೆಯಿಂದ ಎಚ್.ಡಿ. ಕೋಟೆ, ನಂಜನಗೂಡು, ವರುಣ, ತಿ. ನರಸೀಪುರ, ಚಾಮರಾಜನಗರದಿಂದ ಹನೂರು, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ. ಸರಿಯಾಗಿ ಅರ್ಧಕ್ಕರ್ಧ.

ಅದಕ್ಕೂ ಹಿಂದಿಂದು ಇನ್ನೂ ಸ್ವಾರಸ್ಯ. 1952ರ ಮೊದಲನೇ ಚುನಾವಣೇಲಿ ಮೈಸೂರು ಅನ್ನೋದು ಇಬ್ಬರು ಸದಸ್ಯರ ಕ್ಷೇತ್ರ. ಒಂದು ಸ್ಥಾನ ಸಾಮಾನ್ಯ, ಇನ್ನೊಂದು ಪರಿಶಿಷ್ಟ ಜಾತಿಗೆ ಮೀಸಲು. ಪ್ರತಿಯೊಬ್ಬರಿಗೂ ಎರಡು ಓಟು! ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆ ಮೇಲೆ ಅವರ ಗುರುತು. ಎರಡು ಚೀಟಿಯನ್ನ ಬೇರೆ ಬೇರೆ ಪೆಟ್ಟಿಗೆಗೆ ಹಾಕಬೇಕಿತ್ತು. ಗೆದ್ದೋರು ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿ, ಕಾಂಗ್ರೆಸ್ಸಿನ ಎನ್. ರಾಚಯ್ಯ. ಒಂದೇ ಜಾಗದಿಂದ ಎರಡು ಪಕ್ಷದ ಎಂಪಿಗಳು. ಕೊಳ್ಳೇಗಾಲದೋರು ಆ ಸಲ ಮದ್ರಾಸ್ ರಾಜ್ಯದ ಲೆಕ್ಕಕ್ಕೆ ಓಟು ಹಾಕಿದ್ರು, ಯಾಕಂದ್ರೆ ಅದು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ಕ್ಕೆ ಈ ಕಡೆ ಬಂದದ್ದು. ನಮ್ಮ ಸೋದರತ್ತೆ ಕೊಳ್ಳೇಗಾಲದ ಬೀಗರನ್ನ ಬೋ ದಿವಸ "ಮದ್ರಾಸ್ನೋರು" ಅಂತಲೇ ಕರೀತಿದ್ರು.

ಈ ಇಬ್ಬರ ಪದ್ಧತಿ 1961ರಲ್ಲಿ ರದ್ದಾಯ್ತು. ಆಂಧ್ರದ ಪಾರ್ವತೀಪುರಂನಲ್ಲಿ 1957ರಲ್ಲಿ ವಿ.ವಿ. ಗಿರಿ ಅವರು ಸೋತ ಕತೆ ಇದಕ್ಕೆ ಹೊಂದಿಕೊಂಡದ್ದೇ. ಅಲ್ಲಿ ಮೀಸಲು ಸ್ಥಾನವೂ, ಸಾಮಾನ್ಯ ಸ್ಥಾನವೂ ಪರಿಶಿಷ್ಟ ಪಂಗಡದ ಅಭ್ಯರ್ಥಿಗಳಿಗೇ ಹೋದ್ವು. ಗಿರಿ ಕೋರ್ಟಿಗೆ ಹೋದ್ರು, ಸುಪ್ರೀಂ ಕೋರ್ಟು ಅದು ಸರಿ ಅಂದುಬುಡ್ತು. ಆಮೇಲೆ ಎರಡೇ ವರ್ಷಕ್ಕೆ ಪದ್ಧತಿನೇ ಎತ್ತಿಬುಟ್ರು. ಯಾರಿಗೆ ಇರಿಸುಮುರಿಸಾಯ್ತೋ ನೀವೇ ಊಹಿಸ್ಕೊಳ್ಳಿ. ಆಗ ಮೀಸಲು ಕ್ಷೇತ್ರವಾಗಿ ಬಂದದ್ದು ಚಾಮರಾಜನಗರ, ಇವತ್ತಿಗೂ ಮೀಸಲೇ.

ಮೊದಲ ಮೂರು ಸಲ ಎಸ್.ಎಂ. ಸಿದ್ದಯ್ಯನವರು. 1977ರಲ್ಲಿ ಬಿ. ರಾಚಯ್ಯ, ಮುಂದೆ ಕೇರಳದ ರಾಜ್ಯಪಾಲರಾದರಲ್ಲ, ಅವರು. 1980ರಿಂದ ವಿ. ಶ್ರೀನಿವಾಸ ಪ್ರಸಾದ್ ಅವರ ಕಾಲ. ಕಾಂಗ್ರೆಸ್ಸಿಂದ ನಾಲ್ಕು ಸಲ, 1999ರಲ್ಲಿ ಜೆಡಿಯುನಿಂದ, 2019ರಲ್ಲಿ ಬಿಜೆಪಿಯಿಂದ, ಒಟ್ಟು ಆರು ಗೆಲುವು. ಮಧ್ಯದಲ್ಲಿ ಜನತಾದಳದ ಎ. ಸಿದ್ದರಾಜು ಎರಡು ಸಲ, 2004ರಲ್ಲಿ ಜೆಡಿಎಸ್ಸಿನ ಎಂ. ಶಿವಣ್ಣ, ಆಮೇಲೆ ಎರಡು ಸಲ ಆರ್. ಧ್ರುವನಾರಾಯಣ.

2008ರಲ್ಲಿ ಮತ್ತೆ ಗೆರೆ ಎಳೆದ್ರು. ಬನ್ನೂರು ಅಳಿಸಿಹೋಯ್ತು, ಸಂತೇಮರಹಳ್ಳಿ ಅಳಿಸಿಹೋಯ್ತು, ವರುಣ ಹುಟ್ತು, ನಂಜನಗೂಡು ಮೀಸಲಾಯ್ತು. ನಂಜನಗೂಡು ತಾಲ್ಲೂಕಲ್ಲೇ ಒಂದಷ್ಟು ಊರು ನಂಜನಗೂಡಿಗೆ, ಇನ್ನೊಂದಷ್ಟು ವರುಣಕ್ಕೆ. ಅಕ್ಕತಂಗೀರು ಒಂದೇ ಸಂತೆಗೆ ಹೋಯ್ತಾರೆ, ಎಂಎಲ್ಎ ಬೇರೆ ಬೇರೆ.

ಆ ಅಳಿಸಿಹೋದ ಸಂತೇಮರಹಳ್ಳೀಲೇ 2004ರಲ್ಲಿ ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರನ್ನ ಒಂದೇ ಒಂದು ಓಟಿಂದ ಸೋಲಿಸಿದ್ದು. 40,752ಕ್ಕೆ 40,751! ಅದೇ ಧ್ರುವನಾರಾಯಣ 2019ರಲ್ಲಿ ಹನ್ನೊಂದು ಲಕ್ಷಕ್ಕೂ ಮಿಗಿಲು ಓಟು ಬಿದ್ದ ಕ್ಷೇತ್ರದಲ್ಲಿ ಬರೀ 1,817 ಓಟಲ್ಲಿ ಶ್ರೀನಿವಾಸ ಪ್ರಸಾದರಿಗೆ ಸೋತ್ರು. ಒಂದು ಓಟಿನ ಬೆಲೆ ಅನ್ನೋದು ನಮ್ಮ ಕಡೆ ಭಾಷಣದ ಮಾತಲ್ಲ, ಲೆಕ್ಕದ ಮಾತು.

ಅದಕ್ಕೇ ನಾನು ಮನೇಲಿ ಪಟ್ಟಿ ನೋಡ್ರವ್ವ ಅಂತ ಜಗಳ ಆಡೋದು. 1952ರ ಪಟ್ಟೀಲಿ ಉತ್ತರದ ರಾಜ್ಯಗಳಲ್ಲಿ ಸುಮಾರು 28 ಲಕ್ಷ ಹೆಂಗಸರು ಬುಟ್ಟೋದ್ರು, ತಮ್ಮ ಹೆಸರು ಹೇಳದೆ ಇಂಥೋನ ಹೆಂಡತಿ, ಇಂಥೋನ ತಾಯಿ ಅಂದಿದ್ದಕ್ಕೆ. ನಮ್ಮಜ್ಜಿಗೆ ಅದರ ತಿರುಗುಮುರುಗು ಕಷ್ಟ. ತನ್ನ ಹೆಸರು ಹೇಳೋರು, ಗಂಡನ ಹೆಸರು ಬಾಯಲ್ಲಿ ಬರ್ತಿರಲಿಲ್ಲ. ಪಕ್ಕದಲ್ಲಿ ಮೊಮ್ಮಕ್ಕಳು ನಿಂತು ಹೇಳಬೇಕಿತ್ತು. ಈಗ ಸೊಸೆದೀರ ಸರದಿ. ಮದುವೆಯಾಗಿ ನಾಲ್ಕು ವರ್ಷ ಆದ್ರೂ ಹೆಸರು ತವರಿನ ಪಟ್ಟೀಲೇ ಕೂತಿರ್ತದೆ, ಓಟಿನ ದಿನ ಬಸ್ ಚಾರ್ಜು ಯಾರು ಕೊಡೋದು ಅಂತ ಸುಮ್ಮನಾಗ್ತಾರೆ. ಫಾರಂ 8 ತುಂಬಿದ್ರೆ ಹೆಸರು ಇಲ್ಲಿಗೆ ಬರ್ತದೆ. 2019ರ 1,817ರಲ್ಲಿ ಇಂಥ ಸೊಸೆದೀರು ಎಷ್ಟು ಜನವೋ!

2024ರಲ್ಲಿ ಅಂತರ ದೊಡ್ಡದಾಯ್ತು. ಎಚ್.ಸಿ. ಮಹದೇವಪ್ಪನವರ ಮಗ ಸುನಿಲ್ ಬೋಸ್ 1 ಲಕ್ಷ 88 ಸಾವಿರಕ್ಕೂ ಹೆಚ್ಚು ಓಟಲ್ಲಿ ಗೆದ್ರು. ಧ್ರುವನಾರಾಯಣ ಅಷ್ಟೊತ್ತಿಗೆ ತೀರಿಕೊಂಡು ವರ್ಷವಾಗಿತ್ತು. ಏಪ್ರಿಲ್ 26ರ ಓಟಿನ ದಿನ ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ ರಸ್ತೆ, ನೀರು ಇಲ್ಲ ಅಂತ ಬಹಿಷ್ಕಾರ ಹಾಕಿ, ಗಲಾಟೆಯಾಗಿ, ಮತಯಂತ್ರ ಒಡೆದುಹೋಯ್ತು. ಏಪ್ರಿಲ್ 29ಕ್ಕೆ ಅಲ್ಲಿ ಮರುಮತದಾನ. ಆರು ಸಲ ಈ ಕ್ಷೇತ್ರದ ಎಂಪಿಯಾಗಿದ್ದ ಶ್ರೀನಿವಾಸ ಪ್ರಸಾದ್ ಬೆಂಗಳೂರಲ್ಲಿ ಕಣ್ಣು ಮುಚ್ಚಿದ್ದೂ ಅವತ್ತೇಯ.