ಪದಬಂಧದ ಬಳಗ

1952ರಲ್ಲಿ ನವಲಗುಂದದವರಿಗೆ ಬೆಂಗಳೂರು ಬೇರೆ ರಾಜ್ಯದ ಊರು. ಧಾರವಾಡ ಜಿಲ್ಲೆ ಆಗ ಮುಂಬಯಿ ರಾಜ್ಯದಲ್ಲಿತ್ತು. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳವೂ 1948ರಲ್ಲಿ ಸಂಸ್ಥಾನ ವಿಲೀನವಾದಾಗ ಅದೇ ರಾಜ್ಯದ ಪಾಲಾಗಿತ್ತು. ಆ ದಿನಗಳಲ್ಲಿ ಮೈಸೂರು ರಾಜ್ಯದ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಇಂಗ್ಲಿಷ್ ವಾರಪತ್ರಿಕೆ ಗಡಿ ದಾಟಿ ಬಂದು ಮುಂಬಯಿ ರಾಜ್ಯದಲ್ಲೂ ಭರ್ಜರಿಯಾಗಿ ಮಾರಾಟವಾಗುತ್ತಿತ್ತು. ಅದರ ಆಕರ್ಷಣೆ ಬಹುಮಾನದ ಪದಬಂಧ. ಓದುಗರು ಪತ್ರಿಕೆಯಲ್ಲಿದ್ದ ಫಾರ್ಮು ತುಂಬಿ, ಪ್ರವೇಶ ಶುಲ್ಕ ಕಟ್ಟಿ, ಫಲಿತಾಂಶಕ್ಕೆ ಕಾಯುತ್ತಿದ್ದರು. ಫಾರ್ಮು ಮತ್ತು ಹಣ ಸಂಗ್ರಹಿಸುವ ವ್ಯವಸ್ಥೆ ಮುಂಬಯಿ ರಾಜ್ಯದೊಳಗೇ ಇತ್ತು.

ಮುಂಬಯಿ ಸರ್ಕಾರಕ್ಕೆ ಇದು ಸರಿಬರಲಿಲ್ಲ. ಇಂಥ ಸ್ಪರ್ಧೆಗಳನ್ನು ನಿಯಂತ್ರಿಸಿ ತೆರಿಗೆ ಹಾಕುವ ಕಾನೂನನ್ನು ಅದು 1948ರಲ್ಲೇ ತಂದಿತ್ತು. 1952ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ, ಹೊರರಾಜ್ಯದಲ್ಲಿ ಅಚ್ಚಾಗುವ ಪತ್ರಿಕೆಗಳ ಸ್ಪರ್ಧೆಗಳನ್ನೂ ತೆರಿಗೆಯ ವ್ಯಾಪ್ತಿಗೆ ತಂದಿತು. ಸ್ಪರ್ಧೆ ನಡೆಸುತ್ತಿದ್ದ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಮತ್ತು ಅವರ ಕಂಪನಿ ಹೈಕೋರ್ಟಿಗೆ ಹೋಗಿ ಅಲ್ಲಿ ಗೆದ್ದರು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಪದಬಂಧ ಬಿಡಿಸುವುದು ಜಾಣ್ಮೆಯೋ ಜೂಜೋ ಎಂಬ ಪ್ರಶ್ನೆ ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ಬಂದದ್ದು ಹೀಗೆ.

ಆಗಿನ ಬಹುಮಾನದ ಪದಬಂಧಗಳ ರೀತಿಯನ್ನು ತಿಳಿಯಲು ಕನ್ನಡದಲ್ಲೇ ಒಂದು ಉದಾಹರಣೆ ಕಟ್ಟಿ ನೋಡಬಹುದು. ‘ರೈತ ವರ್ಷವಿಡೀ ಇದರ ದಾರಿ ಕಾಯುತ್ತಾನೆ’ ಎಂಬುದು ಸುಳಿವು. ಎರಡು ಮನೆಗಳಲ್ಲಿ ಎರಡನೆಯದು ‘ಳೆ’ ಎಂದು ಮೊದಲೇ ತುಂಬಿರುತ್ತದೆ. ಮಳೆ ಎಂದು ಬರೆಯಬೇಕೋ, ಬೆಳೆ ಎಂದೋ? ನವಲಗುಂದದ ಎರೆಭೂಮಿಯ ರೈತನನ್ನು ಕೇಳಿದರೆ ಎರಡೂ ಸರಿ. ಆದರೆ ನಡೆಸುವವರು ಒಪ್ಪುವ ಉತ್ತರ ಒಂದೇ, ಅದೂ ಮೊದಲೇ ಗೊತ್ತುಮಾಡಿದ್ದು. ಇಂಥ ಹತ್ತಾರು ಸುಳಿವುಗಳು ಸೇರಿದರೆ ಓದುಗನ ಶಬ್ದಜ್ಞಾನ ಕೈಕೊಡುತ್ತದೆ, ಅದೃಷ್ಟವೇ ಆಟ ನಡೆಸುತ್ತದೆ. ಎರಡೂ ಸಾಧ್ಯತೆಗಳನ್ನು ಹಿಡಿಯಲು ಎರಡು ಫಾರ್ಮು ತುಂಬಬೇಕು, ನಾಲ್ಕನ್ನು ಹಿಡಿಯಲು ನಾಲ್ಕು. ಒಂದೊಂದು ಫಾರ್ಮಿಗೂ ಶುಲ್ಕ ಬೇರೆ.

ಈ ಹಾವಳಿಗೆ ಕೇಂದ್ರವೇ ಕಡಿವಾಣ ಹಾಕಬೇಕೆಂದು ಮುಂಬಯಿಯೂ ಸೇರಿದಂತೆ ಹಲವು ರಾಜ್ಯಗಳು ಕೋರಿದವು. ಸಂಸತ್ತು 1955ರಲ್ಲಿ ಬಹುಮಾನ ಸ್ಪರ್ಧೆಗಳ ಕಾಯ್ದೆಯನ್ನು ಅಂಗೀಕರಿಸಿತು. 1956ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ತಿಂಗಳಿಗೆ ಒಟ್ಟು 1000 ರೂಪಾಯಿ ಮೀರಿದ ಬಹುಮಾನ ಒಡ್ಡುವ ಸ್ಪರ್ಧೆಗೆ ನಿಷೇಧ. ಅದಕ್ಕಿಂತ ಕಡಿಮೆಯದಕ್ಕೂ ಲೈಸೆನ್ಸು ಕಡ್ಡಾಯ. ಒಂದು ಸ್ಪರ್ಧೆಗೆ 2000ಕ್ಕಿಂತ ಹೆಚ್ಚು ಪ್ರವೇಶಗಳು ಬರುವಂತಿಲ್ಲ. 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟು ಎರಡು ತೀರ್ಪು ಕೊಟ್ಟಿತು. ಒಂದರಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ಋಗ್ವೇದ, ಮಹಾಭಾರತಗಳಿಂದ ಹಿಡಿದು ಸ್ಮೃತಿಗಳವರೆಗೆ ಜೂಜಿನ ಬಗ್ಗೆ ಹೇಳಿದ್ದನ್ನೆಲ್ಲ ಪ್ರಸ್ತಾಪಿಸಿ ಮುಂಬಯಿ ಸರ್ಕಾರದ ಪರ ನಿಂತರು. ಇನ್ನೊಂದರಲ್ಲಿ ನ್ಯಾಯಮೂರ್ತಿ ವೆಂಕಟರಾಮ ಅಯ್ಯರ್ ಅವರು, ಕೇಂದ್ರದ ಕಾಯ್ದೆ ಅನ್ವಯಿಸುವುದು ಜೂಜಿನ ಸ್ವರೂಪದ ಸ್ಪರ್ಧೆಗಳಿಗೆ ಮಾತ್ರ, ಬಹುಪಾಲು ಜಾಣ್ಮೆಯ ಮೇಲೆ ನಿಂತ ಸ್ಪರ್ಧೆಗಳಿಗಲ್ಲ ಎಂದು ಸ್ಪಷ್ಟಪಡಿಸಿದರು. ತೀರ್ಪು ಬರುವ ಹೊತ್ತಿಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇರಲಿಲ್ಲ. 1956ರ ನವೆಂಬರ್ 1ರಂದು ಅದು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತ್ತು.

ದೊಡ್ಡ ಹಣದ ಆಟ ಅಲ್ಲಿಗೆ ನಿಂತಿತು. ಕನ್ನಡದ ಪದಬಂಧ ಬೇರೊಂದು ದಾರಿಯಲ್ಲಿ ಬೆಳೆಯಿತು.

ಅದೇ 1956ರಲ್ಲಿ ಹುಬ್ಬಳ್ಳಿಯ ಲೋಕಶಿಕ್ಷಣ ಟ್ರಸ್ಟ್ ‘ಕಸ್ತೂರಿ’ ಮಾಸಪತ್ರಿಕೆಯನ್ನು ಆರಂಭಿಸಿತು. ‘ಸಂಯುಕ್ತ ಕರ್ನಾಟಕ’ ಮತ್ತು ‘ಕರ್ಮವೀರ’ಗಳ ಬಳಗದ ಈ ಹೊಸ ಪತ್ರಿಕೆಗೆ ದೀರ್ಘಕಾಲ ಸಂಪಾದಕರಾಗಿದ್ದವರು ಪಾ.ವೆಂ. ಆಚಾರ್ಯ. ಶಬ್ದಗಳ ಹುಟ್ಟು, ಬೆಳವಣಿಗೆ, ಅಲೆದಾಟಗಳನ್ನು ಹೇಳುವ ಅವರ ‘ಪದಾರ್ಥ ಚಿಂತಾಮಣಿ’ ಅಂಕಣ ಸಾಮಾನ್ಯ ಓದುಗನಿಗೂ ಪದಗಳ ಹುಚ್ಚು ಹಿಡಿಸಿತು. ಹುಬ್ಬಳ್ಳಿಯಿಂದ ಹೊರಡುವ ಪತ್ರಿಕೆಯ ಕಟ್ಟುಗಳು ಅಣ್ಣಿಗೇರಿಗೆ, ಕುಂದಗೋಳಕ್ಕೆ ರೈಲಿನಲ್ಲೂ ಹೋಗಬಹುದಿತ್ತು. ರೈಲಿಲ್ಲದ ನವಲಗುಂದ, ಕಲಘಟಗಿಗಳಿಗೆ ರಸ್ತೆಯೇ ಗತಿ. ಹಳ್ಳಿಗೆ ಬಂದ ಒಂದು ಪ್ರತಿಯನ್ನು ಹತ್ತು ಮಂದಿ ಓದುವುದು ಈ ಸೀಮೆಯ ರೂಢಿ. ಒಂದೇ ಪ್ರತಿ ಎಂದಮೇಲೆ ಪದಬಂಧವೂ ಒಂದೇ. ಅದನ್ನು ಹಂಚಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಮೊದಲ ಪದಬಂಧ ಪ್ರಕಟಿಸಿದಾಗ ಅವನ ಮುಂದಿದ್ದದ್ದು 26 ಅಕ್ಷರಗಳು. ಕನ್ನಡದ ಮನೆಯೊಳಗೆ ಕೂರುವುದು ಇಡೀ ಅಕ್ಷರ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಒಂದೇ ಮನೆಯಲ್ಲಿ. ‘ಗಂಧರ್ವ’ಕ್ಕೆ ಮೂರೇ ಮನೆ ಸಾಕು: ಗಂ, ಧ, ರ್ವ. ಹೀಗಾಗಿ ಕನ್ನಡದ ಉತ್ತರಗಳು ಗಿಡ್ಡ, ಆದರೆ ಅಡ್ಡ–ಉದ್ದ ಪದಗಳು ಕೂಡುವ ಜಾಗದಲ್ಲಿ ವ್ಯಂಜನ, ಸ್ವರ ಎರಡೂ ತಾಳೆಯಾಗಬೇಕು. ‘ಲ’ ಇದ್ದಲ್ಲಿ ‘ಲು’ ನಡೆಯದು. ಕಟ್ಟುವವರ ಕಷ್ಟ ಇದರಿಂದ ಹೆಚ್ಚುತ್ತದೆ. ಬಿಡಿಸುವವರಿಗೆ ಒಂದು ಅಕ್ಷರ ಸಿಕ್ಕರೂ ದೊಡ್ಡ ಆಧಾರ.

ಧಾರವಾಡ ಸೀಮೆಯದೇ ಸುಳಿವುಗಳನ್ನು ತೆಗೆದುಕೊಳ್ಳೋಣ. ‘ಅಣ್ಣಿಗೇರಿಯ ಆದಿಕವಿ’ ಎಂದರೆ ಎರಡಕ್ಷರದ ಪಂಪ. ‘ಕುಂದಗೋಳದ ಸವಾಯಿ’ ಎಂದರೆ ಗಂಧರ್ವ. ರಾಮಭಾವು ಕುಂದಗೋಳಕರ ಅವರ ಬಿರುದು ಯಾರಿಗೆ ಗೊತ್ತಿಲ್ಲ? ‘ನವಲಗುಂದದ ನೇಯ್ಗೆ’ ನಾಲ್ಕಕ್ಷರದ ಜಮಖಾನ. ‘ಕಲಘಟಗಿಯ ಬಣ್ಣದ ಮರಗೆಲಸ’ ಮೂರಕ್ಷರದ ತೊಟ್ಟಿಲು. ಇಷ್ಟು ಸಲೀಸು. ಈಗ ತೊಟ್ಟಿಲಿನ ‘ಲು’ವಿನಲ್ಲಿ ಮುಗಿಯುವಂತೆ ಮೇಲಿನಿಂದ ಇಳಿಯುವ ಇನ್ನೊಂದು ಪದ, ಸುಳಿವು ‘ಆಕಾಶ’, ಮೂರು ಮನೆ. ಪುಸ್ತಕದ ಓದು ಬಲವಾಗಿರುವವರಿಗೆ ಮೊದಲು ಹೊಳೆಯುವುದು ಗಗನ, ಆಮೇಲೆ ಅಂಬರ. ಎರಡೂ ಕೂರುವುದಿಲ್ಲ. ಆಗ ಪಕ್ಕದಲ್ಲಿ ಚಹಾ ಕುಡಿಯುತ್ತ ಕೂತ ರೈತ, “ಮುಗಿಲು ಅಂತ ಬರೀರಿ ಮಾಸ್ತರ, ದಿನಾ ಅದನ್ನ ನೋಡ್ಕೋತ ಕುಂತೇವಿ” ಎನ್ನುತ್ತಾನೆ.

ಇಂಥ ಬಳಗಕ್ಕೆ ಜಾಗ ಒದಗಿಸಿದ್ದು ಚಾದಂಗಡಿ, ಕ್ಷೌರದಂಗಡಿ, ಬಸ್ ನಿಲ್ದಾಣದ ಕಟ್ಟೆ, ಗ್ರಂಥಾಲಯದ ಬೆಂಚು. ಸಂಸ್ಕೃತ ಶಬ್ದ ಬಂದಾಗ ಶಾಲಾ ಮಾಸ್ತರರನ್ನೋ ಮಠದ ಶಾಸ್ತ್ರಿಗಳನ್ನೋ ಕೇಳಬೇಕು. ರಂಟೆ, ಕುಂಟೆ, ಕೂರಿಗೆಗಳ ಮಾತು ಬಂದರೆ ಒಕ್ಕಲಿಗನೇ ಪಂಡಿತ. ಸಿನಿಮಾ ನಟಿಯ ಹೆಸರು ಕಾಲೇಜು ಹುಡುಗನ ಬಾಯಲ್ಲಿರುತ್ತದೆ, ಅಡುಗೆಯ ಹೆಸರಿಗೆ ಮನೆಗೆ ಹೋಗಿ ಅವ್ವನನ್ನು ಕೇಳಿಬರಬೇಕು. ಹಬ್ಬ, ಮದುವೆಗಳಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳುವ, ಹೊತ್ತು ಹೋಗದಿದ್ದರೆ ಒಗಟು ಒಡ್ಡುವ ಸೀಮೆ ಇದು. ಮಾತನ್ನು ಮುಚ್ಚಿಟ್ಟು ಬಿಚ್ಚಿಸುವ ಆಟ ಇಲ್ಲಿಯವರಿಗೆ ಪತ್ರಿಕೆಗಿಂತ ಹಳೆಯದು.

ಬಹುಮಾನದ ಹಣ ದೊಡ್ಡದಿದ್ದಾಗ ಉತ್ತರವನ್ನು ಬಚ್ಚಿಡುವುದರಲ್ಲೇ ಲಾಭವಿತ್ತು. ಮರುದಿನದ ಪತ್ರಿಕೆಯಲ್ಲಿ ಉತ್ತರ ನೋಡಿ ಸಮಾಧಾನಪಡುವ, ಹೆಚ್ಚೆಂದರೆ ಹೆಸರು ಅಚ್ಚಾದರೆ ಖುಷಿಪಡುವ ಆಟದಲ್ಲಿ ಬಚ್ಚಿಡಲು ಏನೂ ಉಳಿಯಲಿಲ್ಲ. ಪದಬಂಧ ಬಿಡಿಸುವವರ ನಡುವೆ ಸ್ನೇಹ ಬೆಳೆಯಲು ಇದೇ ಮುಖ್ಯ ಕಾರಣ. ಅದೃಷ್ಟ ಹಿಂದೆ ಸರಿದು ಜಾಣ್ಮೆ ಮುಂದೆ ಬಂದಾಗ, ಜಾಣ್ಮೆಯನ್ನು ಹಂಚಿಕೊಳ್ಳುವುದೇ ಆಟವಾಯಿತು.

ಶಬ್ದಕ್ಕಾಗಿ ಜಗಳ ಬಿದ್ದಾಗ ತೀರ್ಪಿಗೆ ನಿಘಂಟು ಬೇಕು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಧಾರವಾಡದಲ್ಲೂ ನೆಲೆಸಿ ಈ ನಾಡಿನ ಮಾತನ್ನು ಕಿವಿಗೊಟ್ಟು ಕೇಳಿದವರು. 1894ರಲ್ಲಿ ಪ್ರಕಟವಾದ ಅವರ ಕನ್ನಡ–ಇಂಗ್ಲಿಷ್ ನಿಘಂಟು ಇಂದಿಗೂ ಆಧಾರ. ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಬಂತು. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಸಂದೇಹಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟರು. ಅಂಚೆಯಲ್ಲಿ ಒಂದು ಪ್ರಶ್ನೆ ಕಳಿಸಿದರೆ ನಾಡಿನ ಹಿರಿಯ ನಿಘಂಟುಕಾರರೇ ಉತ್ತರಿಸುತ್ತಾರೆ ಎಂಬ ಭರವಸೆ ಹಳ್ಳಿಯ ಓದುಗನಿಗೆ ಸಣ್ಣದಾಗಿರಲಿಲ್ಲ.

ಪದಬಂಧ ಕಟ್ಟುವವರಲ್ಲಿ ನಾಡೆಲ್ಲ ಬಲ್ಲ ಹೆಸರು ಅ.ನಾ. ಪ್ರಹ್ಲಾದರಾವ್. ಕೋಲಾರ ಜಿಲ್ಲೆಯ ಅಬ್ಬಣಿಯಲ್ಲಿ ಹುಟ್ಟಿ, ವಾರ್ತಾ ಇಲಾಖೆಯಲ್ಲಿ ಕೆಲಸ ಮಾಡಿದ ಅವರು ಮೂವತ್ತು ಸಾವಿರಕ್ಕೂ ಹೆಚ್ಚು ಕನ್ನಡ ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆ ಪುಸ್ತಕದಲ್ಲಿ ಸೇರಿದರು. ಡಾ. ರಾಜ್‌ಕುಮಾರ್ ಅವರ ಜೀವನಚರಿತ್ರೆ ಬರೆದವರೂ ಅವರೇ.

ಅಂಚೆ ಇಲಾಖೆಯ ದರಪಟ್ಟಿಯಲ್ಲೂ ಸ್ಪರ್ಧಿಗಳ ಹೆಜ್ಜೆಗುರುತಿದೆ. ಸಾಮಾನ್ಯ ಕಾರ್ಡಿಗೆ 50 ಪೈಸೆ ಇದ್ದಾಗ, ಪತ್ರಿಕೆ, ಟಿ.ವಿ., ರೇಡಿಯೊ ಸ್ಪರ್ಧೆಗಳಿಗೆ ಉತ್ತರ ಕಳಿಸಲೆಂದೇ 10 ರೂಪಾಯಿಯ ಪ್ರತ್ಯೇಕ ಕಾರ್ಡು ಇತ್ತು. ಹಳ್ಳಿಯ ಜೇಬಿಗೆ ಅದು ಭಾರ. ಈಗ ಬಿಡಿಸಿದ ಪದಬಂಧದ ಚಿತ್ರ ಮೊಬೈಲಿನಲ್ಲಿ ಓಡಾಡುತ್ತದೆ, ಕಾರ್ಡಿನ ಖರ್ಚಿಲ್ಲ.

ಈ ಬಳಗದ ಚರಿತ್ರೆಯನ್ನು ಬರೆದಿಡಲು ಸಾಮಗ್ರಿ ಇನ್ನೂ ಮನೆಗಳಲ್ಲೇ ಇದೆ. ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ನವಲಗುಂದಗಳ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಹಳೆಯ ಪದಬಂಧದ ಕತ್ತರಿಕೆ, ಪ್ರವೇಶ ಫಾರ್ಮು, ಮನಿಯಾರ್ಡರ್ ರಸೀತಿ, ಅಜ್ಜನ ಕೈಬರಹದ ಶಬ್ದಪಟ್ಟಿ ಇದ್ದರೆ ರದ್ದಿಗೆ ಹಾಕಬೇಡಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಡಿ. ಅದನ್ನು ಬಿಡಿಸಿದವರು ಇನ್ನೂ ನಮ್ಮ ನಡುವೆ ಇದ್ದರೆ, ಯಾರ ಜೊತೆ ಕೂತು ಬಿಡಿಸುತ್ತಿದ್ದರು ಎಂದು ಕೇಳಿ ಅದರ ಹಿಂದೆಯೇ ಬರೆದಿಡಿ.